ಲ್ಯಾಪ್‌ಟಾಪಿನಲ್ಲಿ ಸಿಕ್ಕಿಕೊಂಡ ಲೀಲಕ್ಕ

ಮೊನ್ನೆ ವಿರಾಜಪೇಟೆಯ ಅಂಗಡಿಯೊಂದರಲ್ಲಿ ಹೊಸ ಲ್ಯಾಪ್‌ಟಾಪ್ ನೋಡುತ್ತಿದ್ದೆ. ನೋಡುತ್ತಿದ್ದೆ ಅನ್ನುವುದಕ್ಕಿಂತ ಸವರುತ್ತಿದ್ದೆ ಅನ್ನುವುದೇ ಸರಿ. ದನ ಕೊಳ್ಳುವವರು ಹಲ್ಲು ನೋಡುವ ಹಾಗೆ ಅದರ ಎಡ ಅಂಚು, ಬಲ ಅಂಚು ಎಲ್ಲ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದೆ. ಅಂಗಡಿಯವರಿಗೆ ತಾಳ್ಮೆ ತಪ್ಪಿತು.

"ಏನು ಹುಡುಕ್ತಾ ಇದ್ದೀರಿ ಸಾರ್?"

"ಡಿಸ್ಕ್ ಹಾಕುವ ಬಾಯಿ ಎಲ್ಲಿ ಉಂಟು ಇದಕ್ಕೆ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅದೆಲ್ಲ ಹೋಗಿ ಎಷ್ಟೋ ಕಾಲ ಆಯ್ತಲ್ಲ ಸಾರ್. ಈಗ ಯಾರು ಡಿಸ್ಕ್ ಹಾಕ್ತಾರೆ?"

ನನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿದೆ. ಅವಳ ಭುಜ ಎರಡೂ ಕುಣಿಯುತ್ತಿದ್ದವು. ಅಕ್ಕ ನಗುವುದೇ ಹಾಗೆ. ಸದ್ದಿಲ್ಲ, ಭುಜ ಮಾತ್ರ. ನಾನೂ ನಕ್ಕೆ. ಅಂಗಡಿಯವರಿಗೆ ನಮ್ಮಿಬ್ಬರ ನಗೆ ಅರ್ಥವಾಗಲಿಲ್ಲ. ಆಗುವುದು ಹೇಗೆ? ಡಿಸ್ಕ್ ಹಾಕುವ ಆ ಬಾಯಿಯಿಂದ ನಮ್ಮ ಮನೆಯಲ್ಲಿ ಒಮ್ಮೆ ಏನೇನು ಆಯಿತು ಅನ್ನುವುದು ಅವರಿಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಬನ್ನಿ, ಹೇಳುತ್ತೇನೆ. ನಡುನಡುವೆ ದಾರಿ ತಪ್ಪಿದರೆ ಕ್ಷಮಿಸಿ. ಗ್ರಂಥಾಲಯ ನೋಡಿಕೊಂಡು ಮೂವತ್ತು ವರ್ಷ ಕೂತವನಿಗೆ ಒಂದು ಪುಸ್ತಕ ಹುಡುಕಲು ಹೋಗಿ ಇನ್ನೊಂದು ಓದುತ್ತಾ ನಿಲ್ಲುವ ಚಟ ಬಿಡುವುದಿಲ್ಲ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಹೆಸರು ಲೀಲಾವತಿ, ಮನೆಯಲ್ಲಿ ಲೀಲಕ್ಕ, ಊರಿಗೆ ಲೀಲಾ ಟೀಚರ್. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ತೀರಿಕೊಂಡ ಮೇಲೆ ನನಗೆ ತಲೆ ಬಾಚಿದ್ದು, ಅಕ್ಷರ ಕಲಿಸಿದ್ದು, ಹೊಡೆದದ್ದು, ಹೊಡೆದ ಮೇಲೆ ಬೆಲ್ಲ ಕೊಟ್ಟದ್ದು ಎಲ್ಲ ಅವಳೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಒಂದನೇ ಕ್ಲಾಸಿನಲ್ಲೇ ಮೂವತ್ತು ಮಕ್ಕಳುಂಟು, ಸಾಲದಾ?" ಅನ್ನುತ್ತಿದ್ದಳು. ಮೂರ್ನಾಡಿನಿಂದ ಸ್ವಲ್ಪ ಒಳಗಿರುವ ಒಂದು ಪ್ರಾಥಮಿಕ ಶಾಲೆಯಲ್ಲಿ ಅವಳು ಬಹುಕಾಲ ಕಲಿಸಿದಳು, ಕೊನೆಗೆ ಹೆಡ್‌ಮಿಸ್ಟ್ರೆಸ್ ಆದಳು.

ಅವಳ ದನಿಯ ಬಗ್ಗೆ ಹೇಳಬೇಕು. ಅದು ಇಂಪಾದ ದನಿ ಅಲ್ಲ. ಹಾಡಲು ಕೂತರೆ ನಮ್ಮ ಮನೆಯ ನಾಯಿ ಎದ್ದು ಹೋಗುತ್ತಿತ್ತು. ಆದರೆ ಅದಕ್ಕೊಂದು ಕಸುವಿತ್ತು. ಶಾಲೆಯ ಆಚೆ ಬದಿಗೆ ಒಂದು ಕಾಫಿ ಎಸ್ಟೇಟು, ಅದರ ಕೆಲಸದವರ ಮನೆಸಾಲು, ಅಂದರೆ ಲೈನುಗಳು. ಬೆಳಿಗ್ಗೆ ಅಕ್ಕ ಹಾಜರಿ ಕರೆದರೆ ಲೈನಿನಲ್ಲಿ ಕೆಲಸಕ್ಕೆ ಹೊರಡುತ್ತಿದ್ದವರೂ "ಪ್ರೆಸೆಂಟ್ ಟೀಚರ್" ಅನ್ನುತ್ತಿದ್ದರಂತೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು. ಟೀಚರ ಪ್ರಾರ್ಥನೆ ಕೇಳಿದರೆ ಒಂಬತ್ತೂವರೆ, ಮಗ್ಗಿ ಕೇಳಿದರೆ ಹತ್ತೂಕಾಲು. ಮನೆಯಲ್ಲಿ ತಮಿಳು, ಮಲೆಯಾಳ, ಕೊಡವ, ತುಳು ಮಾತಾಡುವ ಮಕ್ಕಳೆಲ್ಲ ಅಲ್ಲಿ ಒಂದೇ ಕನ್ನಡದಲ್ಲಿ ಏಳರ ಮಗ್ಗಿ ಕೂಗುತ್ತಿದ್ದವು. ಮನೆಗೆ ಬಂದರೆ ಮಾತ್ರ ಅವಳದ್ದು ನಮ್ಮ ಅರೆಭಾಷೆ. ನಾನು ಮಂಕಾಗಿ ಕೂತಿದ್ದರೆ ಹೊಸ್ತಿಲಿಂದಲೇ "ಎಂತ ಆತ್?" ಅನ್ನುತ್ತಿದ್ದಳು. ಆ ಎರಡು ಶಬ್ದಕ್ಕೆ ಏನೂ ಆಗಿರದಿದ್ದರೂ ಏನಾದರೂ ಹೇಳಬೇಕು ಅನ್ನಿಸುತ್ತಿತ್ತು.

ಆ ದನಿ ಒಂದು ವರ್ಷ ಒಡೆಯಲು ಶುರುವಾಯಿತು. ಮೊದಲು ಶೀತ ಅಂದುಕೊಂಡೆವು. ಅವಳೂ ಕರಿಮೆಣಸಿನ ಕಷಾಯ ಕುಡಿದು ಕುಡಿದು ಪಾಠ ಮಾಡಿದಳು. ಕಷಾಯಕ್ಕೆ ಬಗ್ಗುವ ಶೀತ ಅದಾಗಿರಲಿಲ್ಲ. ಮಡಿಕೇರಿಯ ಡಾಕ್ಟರು ಮೈಸೂರಿಗೆ ಕಳಿಸಿದರು. ಮೈಸೂರಿನ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಗಂಟಲಿನಲ್ಲಿ ಗಡ್ಡೆಯಿದೆ, ಜೀವ ಉಳಿಸಬಹುದು, ಆದರೆ ಧ್ವನಿಪೆಟ್ಟಿಗೆ ತೆಗೆಯಬೇಕಾಗುತ್ತದೆ ಅಂದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಪರೀಕ್ಷೆ ಮುಗಿದ ಮೇಲೆ ಮಾಡಬಹುದಾ?" ಆಗದು ಅಂದರು. ಹತ್ತು ದಿನದ ಗಡುವು ಸಿಕ್ಕಿತು.

ಅವಳ ಶಾಲೆಯಲ್ಲಿ ನಾಸಿರ್ ಮಾಷ್ಟ್ರು ಎಂಬವರಿದ್ದರು, ವಿರಾಜಪೇಟೆ ಕಡೆಯವರು. ಶಾಲೆಗೆ ಬಂದ ಒಂದೇ ಒಂದು ಕಂಪ್ಯೂಟರಿಗೆ ಅವರೇ ವೈದ್ಯರು, ಅವರೇ ಪೂಜಾರಿ. ಅವರು ಅಕ್ಕನ ಹತ್ತಿರ ಬಂದು, "ಟೀಚರೇ, ನಿಮ್ಮ ದನಿ ಸ್ವಲ್ಪ ರೆಕಾರ್ಡ್ ಮಾಡಿ ಇಡುವಾ" ಅಂದರಂತೆ. ಅಕ್ಕ ಬೈದಳು. ಮರುದಿನ ತಾನೇ ಹೋಗಿ, "ಭಾನುವಾರ ಬನ್ನಿ" ಅಂದಳು. ಭಾನುವಾರ ಇಡೀ ಮಧ್ಯಾಹ್ನ ಇಬ್ಬರೂ ಶಾಲೆಯ ಬಾಗಿಲು ಹಾಕಿಕೊಂಡು ಏನೋ ರೆಕಾರ್ಡ್ ಮಾಡಿದರು. ಏನು ಅಂತ ಯಾರಿಗೂ ಹೇಳಲಿಲ್ಲ. ಅದನ್ನು ಒಂದು ಡಿಸ್ಕಿಗೆ ಹಾಕಿ ಮಾಷ್ಟ್ರು ಅವಳ ಕೈಗೆ ಕೊಟ್ಟರು. ಅಕ್ಕ ಎಲ್ಲ ಮಕ್ಕಳ ನೋಟ್‌ಪುಸ್ತಕಕ್ಕೆ ಮಾಡುವ ಹಾಗೆ ಅದಕ್ಕೊಂದು ಲೇಬಲ್ ಬರೆದು ಅಂಟಿಸಿ, ಹಳೆ ಸೀರೆಯ ತುಂಡಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಆಪರೇಷನ್ನಿಗೆ ಹೋದಳು. ಮರು ಮಳೆಗಾಲದಲ್ಲಿ ಸಿಡಿಲು ಬಡಿದು ಶಾಲೆಯ ಕಂಪ್ಯೂಟರ್ ಸುಟ್ಟಿತು. ಹಾಗಾಗಿ ಉಳಿದದ್ದು ಬೀರುವಿನಲ್ಲಿದ್ದ ಒಂದೇ ಡಿಸ್ಕು.

ಆಪರೇಷನ್ ಆದ ಮೇಲೆ ಅಕ್ಕ ಬೀರು ಸಮೇತ ನಮ್ಮ ಮನೆಗೇ ಬಂದಳು. ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಕೈಯಲ್ಲಿ ಮಕ್ಕಳ ಸ್ಲೇಟು. ಒಂದು ಚಪ್ಪಾಳೆ ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ ಅಥವಾ ತಪ್ಪು. ಮೂರು ತಟ್ಟಿದರೆ ನಾನು ಎಲ್ಲಿದ್ದರೂ ಬರಬೇಕು. ಬಿಸಿ ಕಾಫಿಯನ್ನು ಊದಿ ಕುಡಿಯಲು ಅವಳಿಗೆ ಆಗುತ್ತಿರಲಿಲ್ಲ. ಬಾಯಿಯಿಂದ ಗಾಳಿಯೇ ಬರುವುದಿಲ್ಲವಲ್ಲ. ಅದನ್ನು ಮೊದಲು ಗಮನಿಸಿದ್ದು ನನ್ನ ಹೆಂಡತಿ ಗಿರಿಜೆ. ಅಂದಿನಿಂದ ಅಕ್ಕನ ಲೋಟ ಆರಿಸಿಯೇ ತರುತ್ತಾಳೆ, ಯಾಕೆ ಅಂತ ಹೇಳುವುದೂ ಇಲ್ಲ.

ಸ್ಲೇಟಿನ ಮೇಲೆ ಅಕ್ಕ ಬರೆದದ್ದನ್ನು ಓದುವಾಗ ಮೊದಮೊದಲು ನನಗೆ ಅದು ಅವಳ ದನಿಯಲ್ಲೇ ಕೇಳುತ್ತಿತ್ತು. 'ಕೊಡೆ ಎಲ್ಲಿ?' ಎಂದು ಬರೆದರೆ ಆ ಜೋರು ದನಿ ಕಿವಿಗೆ ಬಡಿಯುತ್ತಿತ್ತು. ಎರಡು ವರ್ಷವಾಗುವ ಹೊತ್ತಿಗೆ ಒಂದು ದಿನ ಥಟ್ಟನೆ ಗೊತ್ತಾಯಿತು, ಅವಳ ಸ್ಲೇಟನ್ನು ನಾನು ನನ್ನದೇ ದನಿಯಲ್ಲಿ ಓದುತ್ತಿದ್ದೇನೆ. ಅವಳ ದನಿ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. 'ಎಂತ ಆತ್' ಅನ್ನುವ ಶಬ್ದ ಬಂತು, ದನಿ ಬರಲಿಲ್ಲ. ಎದುರಿಗೇ ಕೂತು ಅವರೆಕಾಳು ಬಿಡಿಸುತ್ತಿರುವವಳನ್ನು ಕಳೆದುಕೊಂಡ ಹಾಗೆ ಹೆದರಿಕೆಯಾಯಿತು. ಇದನ್ನು ಯಾರಿಗೆ ಹೇಳುವುದು? ಡಿಸ್ಕ್ ಕೇಳಲಾ ಎಂದು ಹಿಂದೊಮ್ಮೆ ಅವಳನ್ನು ಕೇಳಿದ್ದೆ. ಎರಡು ಚಪ್ಪಾಳೆ ಬಿದ್ದಿತ್ತು, ಅದೂ ಜೋರಾಗಿ.

ಆ ಸಮಯಕ್ಕೆ ನನ್ನ ಹತ್ತಿರ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು. ಸ್ಮರಣ ಸಂಚಿಕೆಗಳಿಗೆ ಲೇಖನ ಬರೆಯುವ ನನ್ನಂಥ ಸಾಹಿತಿಗೆ ಅದಿಲ್ಲದೆ ಆಗುವುದಿಲ್ಲ ಎಂದು ಗಿರಿಜೆಯನ್ನು ನಂಬಿಸಿದ್ದೆ. ಅಕ್ಕ ಒಂದು ದಿನ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆಂದು ಸೋಮವಾರಪೇಟೆಗೆ ಹೋದಳು, ಮರುದಿನ ಮಧ್ಯಾಹ್ನ ಬರುವವಳು. ಬಸ್ಸು ತಿರುವು ದಾಟಿತೋ ಇಲ್ಲವೋ, ನಾನು ಅವಳ ಬೀರು ತೆಗೆದೆ. ಐವತ್ತರ ಹತ್ತಿರದ ಗಂಡಸು ಅಕ್ಕನ ಬೀರುವಿನಲ್ಲಿ ಕಳ್ಳನ ಹಾಗೆ ಕೈಯಾಡಿಸುವುದನ್ನು ನೀವು ನೋಡಬೇಕಿತ್ತು. ಬೇಡ, ನೋಡದಿದ್ದುದೇ ಒಳ್ಳೆಯದು.

ಡಿಸ್ಕ್ ಒಳಗೆ ಹಾಕಿದೆ. ಗರ್ ಎಂದಿತು. ಮತ್ತೆ ಗರ್ ಗರ್ ಎಂದಿತು. ಆಮೇಲೆ ಒಣಗಿದ ಎಲೆಯನ್ನು ಯಾರೋ ಕೆರೆದ ಹಾಗೆ ಸದ್ದು ಬಂದು ನಿಂತೇ ಹೋಯಿತು. ಗುಂಡಿ ಒತ್ತಿದೆ, ಬಾಯಿ ತೆರೆಯಲಿಲ್ಲ. ಆಫ್ ಮಾಡಿ ಆನ್ ಮಾಡಿದೆ. ಬೇಡಿಕೊಂಡೆ. ಅಡುಗೆಮನೆಯ ಚಾಕು ತಂದು ಮೀಟಿ ನೋಡಿದೆ. ಕೊನೆಗೆ ಎರಡೂ ಕೈಯಲ್ಲಿ ಎತ್ತಿ ಅಲ್ಲಾಡಿಸಿದೆ.

"ಎಂತ ಅದು, ನೀರುಂಟಾ ಅಂತ ಕುಲುಕಿ ನೋಡಲಿಕ್ಕೆ? ತೆಂಗಿನಕಾಯಿಯಾ?" ಎಂದು ಬಂದ ಗಿರಿಜೆ, ಮಂಚದ ಮೇಲಿದ್ದ ಸೀರೆಯ ತುಂಡು ನೋಡಿ ಮಾತು ನಿಲ್ಲಿಸಿದಳು. "ಅಕ್ಕನದ್ದಾ?"

ನಾನು ತಲೆಯಾಡಿಸಿದೆ.

"ಕೇಳದೆ ತೆಗೆದ್ರಾ?"

ಅದಕ್ಕೂ ತಲೆಯಾಡಿಸಿದೆ. ಅವಳು ಬೈಯಲಿಲ್ಲ. ಪಕ್ಕದಲ್ಲಿದ್ದ ಚಾಕುವನ್ನು ಮೆಲ್ಲಗೆ ತೆಗೆದುಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ವಿರಾಜಪೇಟೆಗೆ ಹೋದೆ. ರಿಪೇರಿ ಅಂಗಡಿಯವರು ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಲ್ಯಾಪ್‌ಟಾಪಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ಒಂದು ತೂತು. ಅದರೊಳಗೆ ನೇರ ಮಾಡಿದ ಪೇಪರ್ ಕ್ಲಿಪ್ಪಿನ ತಂತಿ ತೂರಿಸಿ ಒತ್ತಿದರು. ಟಕ್ ಎಂದು ಬಾಯಿ ಒಂದು ಉಗುರಿನಷ್ಟು ತೆರೆದು ಅಲ್ಲೇ ಸಿಕ್ಕಿಕೊಂಡಿತು. ಎಳೆದರು, ಒಳಗೆ ಚರ್ ಎಂದಿತು.

"ಸಾರೇ, ಡಿಸ್ಕಿನ ಮೇಲೆ ಪೇಪರ್ ಲೇಬಲ್ ಹಾಕಿದ್ದೀರಲ್ಲ. ತಂಡಿಗೆ ಅದು ಎದ್ದಿದೆ, ಮೇಲೆ ಕಚ್ಚಿಕೊಂಡಿದೆ. ಒಡೀಬೇಕು. ಡಿಸ್ಕ್ ಪೋಯಿ ಅಂತಲೇ ಲೆಕ್ಕ." ಕೈ ಸ್ಕ್ರೂಡ್ರೈವರಿನ ಕಡೆ ಹೋಯಿತು.

"ಬೇಡ!" ಎಂದು ನಾನು ಕೂಗಿದ ಜೋರಿಗೆ ಪಕ್ಕದ ಅಂಗಡಿಯವರು ಇಣುಕಿದರು. ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತಿದೆ. ಮಡಿಲಲ್ಲಿ ಅದು ಕಾವು ಕೂತ ಕೋಳಿಯ ಹಾಗಿತ್ತು. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಸುಳ್ಳುಗಳನ್ನು ಜೋಡಿಸಿದೆ. ಇಲಿ ಎಳೆದು ತಂದಿತು ಅನ್ನುವ ಮಟ್ಟಕ್ಕೂ ಇಳಿದೆ.

ಅಕ್ಕ ನನಗಿಂತ ಮೊದಲೇ ಬಂದಿದ್ದಳು. ಜಗಲಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಸೀರೆಯ ತುಂಡು. ನಾನು ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು, ಮನೆಪಾಠ ಮಾಡದ ಮಗುವಿನ ಹಾಗೆ ನಿಂತೆ. ಅವಳು ಸ್ಲೇಟು ತೆಗೆದು ಒಂದೇ ಶಬ್ದ ಬರೆದಳು: 'ಯಾಕೆ?'

ಜೋಡಿಸಿದ ಸುಳ್ಳು ಒಂದೂ ನಾಲಿಗೆಗೆ ಬರಲಿಲ್ಲ.

"ನಿನ್ನ ದನಿ ನನಗೆ ಮರೆತು ಹೋಗಿದೆ ಅಕ್ಕ," ಅಂದೆ. "ಎಷ್ಟು ನೆನಪು ಮಾಡಿದರೂ ಬರೂದಿಲ್ಲ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಸ್ಲೇಟಿನ ಮೇಲಿದ್ದ 'ಯಾಕೆ'ಯನ್ನು ಸೆರಗಿನಲ್ಲಿ ಒರೆಸಿ, ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಒಂದನೇ ಕ್ಲಾಸಿನ ಮಕ್ಕಳು ಮೂಗಿನೊಳಗೆ ಏನೇನು ಹಾಕಿಕೊಳ್ಳುತ್ತಾರೆ ಅನ್ನುವುದು ಒಂದನೇ ಕ್ಲಾಸಿನ ಟೀಚರಿಗೆ ಮಾತ್ರ ಗೊತ್ತು. ಬಳಪದ ಚೂರು, ಹುಣಸೆಬೀಜ, ಕಾಫಿಬೀಜ. ನನ್ನ ಅಕ್ಕ ತನ್ನ ಸರ್ವಿಸಿನಲ್ಲಿ ಅದೆಷ್ಟು ಮೂಗುಗಳಿಂದ ಕಾಫಿ ಕೊಯ್ಲು ಮಾಡಿದ್ದಾಳೋ. ಅವಳ ಮೊದಲ ನಿಯಮ ಎಳೆಯಬಾರದು. ಎರಡನೆಯದು, ಮಗುವಿಗೆ ಹೆದರಿಕೆ ಹೋಗುವವರೆಗೆ ಕೈಹಾಕಬಾರದು. ಅಂದೂ ಹಾಗೇ ಮಾಡಿದಳು. ಲ್ಯಾಪ್‌ಟಾಪಿನ ಬೆನ್ನನ್ನು ಎರಡು ಸಲ ತಟ್ಟಿದಳು. ಅದಕ್ಕೋ ನನಗೋ ಗೊತ್ತಾಗಲಿಲ್ಲ, ಇಬ್ಬರಿಗೂ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ತೆರೆದಿದ್ದ ಬಾಯನ್ನು ಬೆರಳಿನಿಂದ ಮೆಲ್ಲಗೆ ಮತ್ತೆ ಒಳಗೆ ತಳ್ಳಿದಳು. ರಿಪೇರಿಯವರು ತಂತಿ ತೂರಿಸಿದ ತೂತನ್ನು ನಾನು ತೋರಿಸಿದೆ. ಒಂದು ಪೇಪರ್ ಕ್ಲಿಪ್ಪು ಕೇಳಿದಳು, ಗಿರಿಜೆ ಕೊಟ್ಟಳು. ಅದನ್ನು ಬಿಡಿಸಿ ತೂತಿಗೆ ಹಾಕಿ ಒತ್ತಿದಳು. ಬಾಯಿ ಮತ್ತೆ ಉಗುರಿನಷ್ಟು ತೆರೆಯಿತು. ಕಣ್ಣು ಕಿರಿದು ಮಾಡಿ ಒಳಗೆ ನೋಡಿ ಬರೆದಳು: 'ತೆಳ್ಳಗೆ, ಗಟ್ಟಿ, ಬಗ್ಗುವಂಥದ್ದು ಬೇಕು.' ಕ್ಯಾಲೆಂಡರಿನ ಹಾಳೆ ಕೊಟ್ಟೆ, ಮಡಚಿಕೊಂಡಿತು. ಸ್ಟೀಲ್ ಸ್ಕೇಲು ಕೊಟ್ಟೆ, ಒಳಗೆ ಹೋಗಲಿಲ್ಲ. ಅಕ್ಕ ಎದ್ದು ಕೋಣೆಗೆ ಹೋಗಿ, ಆಸ್ಪತ್ರೆಯ ದೊಡ್ಡ ಲಕೋಟೆ ತಂದಳು. ಒಳಗಿಂದ ಎಕ್ಸ್‌ರೇ ಹಾಳೆ ತೆಗೆದಳು. ಮೈಸೂರಿನ ಡಾಕ್ಟರು ಬೆಳಕಿಗೆ ಹಿಡಿದಿದ್ದ ಅದೇ ಹಾಳೆ, ಅವಳ ಕುತ್ತಿಗೆ. ಕತ್ತರಿ ಹಾಕಿದಳು.

"ಅಯ್ಯೋ, ಅದು ಬೇಡ ಅಕ್ಕ!"

ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಮುಗಿಸಿಯೇ ಸ್ಲೇಟು ಎತ್ತಿಕೊಂಡಳು: 'ಮತ್ತೆಂಥಕ್ಕೆ ಉಂಟು ಇದು?'

ಆ ಕಪ್ಪು ಪಟ್ಟಿಯನ್ನು ಡಿಸ್ಕಿನ ಮೇಲಿಂದ ಒಳಗೆ ತೂರಿಸಿ, ಎದ್ದಿದ್ದ ಲೇಬಲನ್ನು ಕೆಳಕ್ಕೆ ಒತ್ತುತ್ತಾ, ಇನ್ನೊಂದು ಕೈಯಲ್ಲಿ ಬಾಯನ್ನು ಭತ್ತದ ಕಾಳಿನಷ್ಟು ಭತ್ತದ ಕಾಳಿನಷ್ಟು ಹೊರಗೆ ಬರಿಸಿದಳು. ಸಿಕ್ಕಿದರೆ ನಿಲ್ಲುವಳು. ಹಿಂದಕ್ಕೆ ಬಿಡುವಳು. ಮತ್ತೆ ತೂರಿಸುವಳು. ಗಿರಿಜೆ ಒಲೆಯ ಮೇಲೆ ಹಾಲಿಟ್ಟದ್ದು ಮರೆತಳು. ಹಾಲು ಉಕ್ಕಿದ ವಾಸನೆ ಬಂದರೂ ಯಾರೂ ಏಳಲಿಲ್ಲ. ಮುಕ್ಕಾಲು ಗಂಟೆಯಾಗಿರಬಹುದು. ಕೊನೆಗೆ ಡಿಸ್ಕು ಪೂರ್ತಿ ಹೊರಗೆ ಬಂತು. ಲೇಬಲಿನ ಮೇಲೆ ಅಕ್ಕನ ದುಂಡು ಅಕ್ಷರ: 'ಲೀಲಾವತಿ. ಒಂದನೇ ತರಗತಿ.'

ಒದ್ದೆ ಬಟ್ಟೆಯಲ್ಲಿ ಲೇಬಲನ್ನು ಪೂರ್ತಿ ಕಿತ್ತು ಒರೆಸಿದಳು. ಡಿಸ್ಕನ್ನು ನನ್ನ ಕೈಗೆ ಕೊಡುತ್ತಾಳೆ ಅಂದುಕೊಂಡೆ. ಕೊಡಲಿಲ್ಲ. 'ಇದು ನನ್ನ ದನಿ ಅಲ್ಲ, ಕಾಯಿಲೆಯ ದನಿ. ಅದಕ್ಕೇ ಶಾಲೆಗೂ ಕೊಡಲಿಲ್ಲ' ಎಂದು ಬರೆದಳು. ಆಮೇಲೆ ತಾನೇ ಅದನ್ನು ಮತ್ತೆ ಒಳಗಿಟ್ಟು, ಬಾಯಿ ಮುಚ್ಚಿದಳು.

ನಾನು ಏನು ನಿರೀಕ್ಷಿಸಿದ್ದೆ? ನನಗೊಂದು ಸಂದೇಶ ಇರಬಹುದು, ಅಮ್ಮನ ನೆನಪು ಇರಬಹುದು, ಕಡೆಯ ಮಾತು ಇರಬಹುದು ಎಂದೆಲ್ಲ. ಮೊದಲು ಕುರ್ಚಿ ಎಳೆದ ಸದ್ದು. ಒಂದು ಕೆಮ್ಮು. ಮತ್ತೆ ಮರಳಿನ ಮೇಲೆ ಏನನ್ನೋ ಎಳೆದ ಹಾಗೆ ಒರಟು ದನಿ: "ಮಕ್ಕಳೇ, ಏಳರ ಮಗ್ಗಿ."

ಅಕ್ಕ ಹೇಳಿದ್ದು ನಿಜ, ಅದು ಅವಳ ದನಿಯಾಗಿರಲಿಲ್ಲ. ಯಾರೋ ಬಳಲಿದ ಮುದುಕಿಯ ದನಿ. ಎರಡು ದಿನದ ಕಳ್ಳತನ, ಹೆದರಿಕೆ ಎಲ್ಲ ಇದಕ್ಕಾ ಅನ್ನಿಸಿತು.

"ಏಳೊಂದ್ಲೆ?" ಎಂದಿತು ಡಿಸ್ಕು. ಆಮೇಲೆ ಮೌನ. ಕೆಟ್ಟುಹೋಯಿತೆಂದು ಬಗ್ಗಿದೆ. "ಏಳೆರಡ್ಲೆ?" ಮತ್ತೆ ಮೌನ. ಆಗ ಹೊಳೆಯಿತು. ಅಕ್ಕ ಮಕ್ಕಳ ಉತ್ತರಕ್ಕೆ ಜಾಗ ಬಿಟ್ಟಿದ್ದಳು. ಖಾಲಿ ಶಾಲೆಯಲ್ಲಿ ಕೂತು, ಇಲ್ಲದ ಮೂವತ್ತು ಮಕ್ಕಳು ಉತ್ತರ ಹೇಳುವಷ್ಟು ಹೊತ್ತು ಕಾದು, ಮುಂದಿನ ಪ್ರಶ್ನೆ ಕೇಳಿದ್ದಳು.

"ಏಳ್ಮೂರ್ಲೆ?"

"ಇಪ್ಪತ್ತೊಂದು!" ಅಂದಳು ಗಿರಿಜೆ. ಅಕ್ಕ ಒಂದು ಚಪ್ಪಾಳೆ ತಟ್ಟಿದಳು. ನಾನೂ ಸೇರಿಕೊಂಡೆ. ಇಪ್ಪತ್ತೆಂಟು, ಚಪ್ಪಾಳೆ. ಮೂವತ್ತೈದು, ಚಪ್ಪಾಳೆ.

"ಏಳೆಂಟ್ಲೆ?"

"ಐವತ್ತನಾಲ್ಕು!" ಎಂದೆ, ಉತ್ಸಾಹದಲ್ಲಿ.

ಟಪ್, ಟಪ್. ಎರಡು ಚಪ್ಪಾಳೆ. ತಿರುಗಿ ನೋಡಿದರೆ ಅಕ್ಕನ ಹುಬ್ಬು ಮೇಲೇರಿತ್ತು, ತುಟಿ 'ಐವತ್ತಾರು' ಎಂದು ಆಡಿತು. ಮೂರನೇ ಕ್ಲಾಸಿನಲ್ಲಿ ಇದೇ ಏಳೆಂಟ್ಲೆಗೆ ನನ್ನ ಕಿವಿ ಹಿಂಡಿದ್ದ ಅದೇ ಮುಖ. ಆ ಕ್ಷಣ ಅವಳ ತುಟಿಯಿಂದ ನನಗೆ ಆ ಹಳೆಯ ದನಿ ಸ್ಪಷ್ಟ ಕೇಳಿತು. ಎಸ್ಟೇಟಿನ ಲೈನಿಗೆ ಕೇಳುವಷ್ಟು ಜೋರಾಗಿ ಕೇಳಿತು. ಡಿಸ್ಕಿನಲ್ಲಿ ಇಲ್ಲದ್ದು ಎದುರಿಗೇ ಇತ್ತು.

ಮಗ್ಗಿಗಳು ಮುಗಿದವು, ಕಾಗುಣಿತ ಮುಗಿಯಿತು. ಕೊನೆಯಲ್ಲಿ ಮೈಕು ಆಫ್ ಆಗಿದೆ ಅಂದುಕೊಂಡು ಆಡಿದ ನಾಲ್ಕು ಮಾತು: "ಆಯ್ತಾ ಮಾಷ್ಟ್ರೆ? ನಾಳೆ ಹೊಸ ಟೀಚರು ಬಂದರೆ ಇದು ಹಾಕಿ ಕೊಡಿ. ನನ್ನ ತಮ್ಮನ ಕೈಗೆ ಮಾತ್ರ ಕೊಡಬೇಡಿ ಮಾರಾಯ್ರೆ. ಅವ ಮಗ್ಗಿ ಕಲಿಯೂದು ಬಿಟ್ಟು ಅಳ್ತಾ ಕೂರ್ತಾನೆ."

ಗಿರಿಜೆ ನನ್ನ ಕಡೆ ನೋಡಿದಳು. ಅಕ್ಕ ತನ್ನ ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದಳು, ಮುಖ ಒರೆಸಿಕೊಳ್ಳಲು.

ಮುಂದಿನ ವಾರ ಅವಳೇ ಡಿಸ್ಕನ್ನೂ ನನ್ನ ಲ್ಯಾಪ್‌ಟಾಪನ್ನೂ ಹಿಡಿದುಕೊಂಡು ಶಾಲೆಗೆ ಹೋದಳು. ಕಾಯಿಲೆಯ ದನಿಯಾದರೂ ಮಗ್ಗಿ ಮಗ್ಗಿಯೇ ಎಂದು ನಿಶ್ಚಯಿಸಿದ್ದಿರಬೇಕು. ಪ್ರತಿ ಶನಿವಾರ ಹೋಗತೊಡಗಿದಳು. ಡಿಸ್ಕು ಕೇಳುವುದು, ಮಕ್ಕಳು ಕೂಗುವುದು, ಇವಳು ಚಪ್ಪಾಳೆ ತಟ್ಟುವುದು. ಒಂದು ಪುಟ್ಟ ಹುಡುಗಿ, "ಟೀಚರ್, ಪೆಟ್ಟಿಗೆ ಒಳಗೆ ಮಾತಾಡೋರು ಯಾರು?" ಎಂದು ಕೇಳಿದ್ದಕ್ಕೆ ಅಕ್ಕ ಬೋರ್ಡಿನ ಮೇಲೆ 'ನನ್ನ ತಂಗಿ' ಎಂದು ಬರೆದಳಂತೆ. ಆಮೇಲೆ ಯಾರೋ ಟೀಚರು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡರು. ಶನಿವಾರಗಳು ನಿಂತಿಲ್ಲ. ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ.

ಮೊನ್ನೆ ಆ ಬಾಯಿಲ್ಲದ ಲ್ಯಾಪ್‌ಟಾಪನ್ನೇ ಕೊಂಡು ಹೊರಗೆ ಬಂದೆವು. ರಸ್ತೆಯಲ್ಲಿ ಕೇರಳದ ಬಸ್ಸುಗಳು, ಜೀಪುಗಳು. ದಾಟುವ ಮೊದಲು ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಚಿಕ್ಕಂದಿನಿಂದ ಹಾಗೇ, ಕೈಯನ್ನಲ್ಲ, ಮಣಿಕಟ್ಟನ್ನು. ಕೈ ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ ಅನ್ನುವುದು ಅವಳ ಸಿದ್ಧಾಂತ. ಗಡ್ಡ ನರೆತ ಮೇಲೂ ಹೀಗೆ ಹಿಡಿದಾಗ ನಾಲ್ಕು ಜನ ನೋಡುತ್ತಾರೆಂದು ನಾನು ಕನ್ನಡಕ ಸರಿಮಾಡುವ ನೆಪದಲ್ಲಿ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದೆ. ಮೊನ್ನೆಯೂ ಎದುರು ಬದಿಯಲ್ಲಿ ನನ್ನ ಗ್ರಂಥಾಲಯದ ಹಳೆಯ ಓದುಗರೊಬ್ಬರು ನಿಂತು ನಗುತ್ತಾ ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟೆ. ರಸ್ತೆ ದಾಟಿದ ಮೇಲೂ ಅವಳು ಬಿಡಲಿಲ್ಲ, ನಾನು ಬಿಡಿಸಿಕೊಳ್ಳಲಿಲ್ಲ. ಮೂರ್ನಾಡಿನ ಬಸ್ಸು ಬರುವವರೆಗೆ ಹಾಗೆಯೇ ನಿಂತಿದ್ದೆವು.